ಪಾಪಮ್ಮ ಎದ್ದುಹೋದ ಅಧ್ಯಾಯ

ಗೋವಿಂದರಾಜನಗರ, ಬೆಂಗಳೂರು
12 ಮಾರ್ಚ್ 2024

ಮಾನ್ಯ ಬಸವಲಿಂಗಪ್ಪನವರಿಗೆ, ನೀಲಗಂಗಮ್ಮ ಮಾಡುವ ಶರಣು ಶರಣಾರ್ಥಿ.

ನನ್ನ ಪರಿಚಯ ನಿಮಗಿಲ್ಲ. ಈ ಕಾಗದದ ಜೊತೆ ಬಂದಿರುವ ದಪ್ಪ ಕಟ್ಟು ನೋಡಿ ಆಗಲೇ ನಿಟ್ಟುಸಿರು ಬಿಟ್ಟಿರುತ್ತೀರಿ. ಅದು ನಾನು ಬರೆದ ಕಾದಂಬರಿ, ‘ಹನ್ನೊಂದು ತಟ್ಟೆ’. ರಾಜಾಜಿನಗರದ ಪ್ರಕಾಶಕರು ಅರುಣ್ ಕುಮಾರ್ ನಿಮ್ಮ ವಿಳಾಸ ಕೊಟ್ಟರು. ವಾರಪತ್ರಿಕೆಯಲ್ಲಿ ಎಷ್ಟೋ ವರ್ಷ ಕಥೆ, ಧಾರಾವಾಹಿಗಳನ್ನು ತಿದ್ದಿದವರು, ಈಗ ಹಾವೇರಿಯಲ್ಲಿ ತಂಗಿಯ ಮನೆಯಲ್ಲಿದ್ದೀರಿ ಎಂದರು. “ಬರವಣಿಗೆ ಚೆನ್ನಾಗೇ ಇದೆ ಮೇಡಂ. ಆದ್ರೂ ಒಂದ್ಸಲ ಬಸವಲಿಂಗಪ್ಪ ಸಾರ್ ನೋಡ್ಬಿಡ್ಲಿ. ಅವರು ಹೂಂ ಅಂದ್ರೆ ನವೆಂಬರ್‌ಗೆ ಪುಸ್ತಕ ಮಾಡೋಣ. ಫೋನ್ ಮಾತ್ರ ಕೇಳ್ಬೇಡಿ, ಅವರದು ಬರೀ ಕಾಗದ,” ಎಂದೂ ಹೇಳಿದರು.

ಆದರೂ ಕೇಳುತ್ತಿದ್ದೇನೆ, ನಿಮ್ಮ ಫೋನ್ ನಂಬರ್ ಕೊಡುತ್ತೀರಾ? ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವಳು. ಊರವರ ಮಾತನ್ನೆಲ್ಲ ಊರವರಿಗೆ ಮುಟ್ಟಿಸಿ ನಿವೃತ್ತಳಾದೆ. ಎದುರಿನವರ ದನಿ ಕೇಳಿದರೆ ಅವರ ಮನಸ್ಸಿನಲ್ಲಿರುವುದು ಅರ್ಧ ಗೊತ್ತಾಗಿಬಿಡುತ್ತದೆ. ಕಾಗದದಲ್ಲಿ ನಾನು ಸ್ವಲ್ಪ ದಡ್ಡಿ.

ಕಾದಂಬರಿಯಲ್ಲಿ ಹರಿಹರದ ಒಂದು ತುಂಬು ಸಂಸಾರವಿದೆ. ಒಂದೇ ಪಂಕ್ತಿಯಲ್ಲಿ ಹನ್ನೊಂದು ಜನ ಉಣ್ಣುತ್ತಾರೆ. ಬೆಳಿಗ್ಗೆ ಓದಿದರೆ ಪರವಾಗಿಲ್ಲ ಅನಿಸುತ್ತದೆ. ಸಂಜೆ ಅದೇ ಪುಟ ತೆಗೆದರೆ ಯಾರೋ ಬರೆದು ನನ್ನ ಹೆಸರು ಹಾಕಿದ ಹಾಗಿರುತ್ತದೆ. ಮೊದಲ ಅಧ್ಯಾಯವನ್ನಂತೂ ಒಂದು ವರ್ಷದಿಂದ ತಿದ್ದುತ್ತಲೇ ಇದ್ದೇನೆ. ಇನ್ನೂ ತಿದ್ದಬೇಕೋ, ಸಾಕೋ, ಅದು ಗೊತ್ತಾಗುವುದು ಹೇಗೆ? ಅಷ್ಟು ಹೇಳಿದರೆ ನಿಮ್ಮ ಉಪಕಾರ ಮರೆಯುವುದಿಲ್ಲ.

ಇಂತಿ,
ನೀಲಗಂಗಮ್ಮ


ಹಾವೇರಿ
2 ಏಪ್ರಿಲ್ 2024

ನೀಲಗಂಗಮ್ಮನವರಿಗೆ ಶರಣಾರ್ಥಿ.

ಹಸ್ತಪ್ರತಿ ಓದಿದೆ. ಇದರ ಜೊತೆ ವಾಪಸ್ಸು ಕಳಿಸಿದ್ದೇನೆ. ಗುರುತು ಹಾಕಿಲ್ಲ, ಹುಡುಕಬೇಡಿ.

ನಿಮ್ಮ ಪ್ರಶ್ನೆಗೆ ನನ್ನಲ್ಲಿರುವುದು ಒಂದೇ ಉತ್ತರ. ನಮ್ಮ ಕಚೇರಿಯಲ್ಲಿ ಕಥೆ ತಂದವರನ್ನು ನಾನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸುತ್ತಿದ್ದೆ. ನಾನು ಕೇಳುತ್ತಿದ್ದೆ. ನನ್ನ ಪಕ್ಕ ಇನ್ನೊಬ್ಬರು ಕೇಳುತ್ತಿದ್ದರು, ಟೈಪಿಸ್ಟೋ, ಟೀ ತಂದವರೋ, ಯಾರಾದರೂ ಸರಿ. ಎಲ್ಲಿ ಅವರ ಕೈ ಬೇರೆ ಕೆಲಸ ಹುಡುಕಿತೋ, ಎಲ್ಲಿ ಎದ್ದು ಹೋದರೋ, ಅಲ್ಲಿ ನನ್ನ ಪೆನ್ಸಿಲ್ ಗುರುತು ಬೀಳುತ್ತಿತ್ತು. ಬರೆದವರಿಗೆ ತಮ್ಮ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಕೇಳುವವರ ಮೈಗೆ ತಿಳಿಯುತ್ತದೆ.

ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ. ಇಷ್ಟು ಜನರ ಸಂಸಾರ ಬರೆದವರಿಗೆ ಕೇಳುವವರಿಗೇನೂ ಬರವಿರಲಾರದು. ಹೊಗಳುವವರು ಬೇಡ. ಎದ್ದು ಹೋಗಲು ಸಂಕೋಚಪಡದವರು ಬೇಕು.

ಬಸವಲಿಂಗಪ್ಪ


ಗೋವಿಂದರಾಜನಗರ
21 ಏಪ್ರಿಲ್ 2024

ಬಸವಲಿಂಗಪ್ಪ ಸರ್‌ಗೆ ಶರಣು.

ನಂಬರ್ ಕೊಡಲಿಲ್ಲ, ಇರಲಿ. ಗುರುತು ಹುಡುಕಬೇಡಿ ಎಂದಿದ್ದರೂ ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಒಂದು ಚುಕ್ಕೆಯೂ ಇಲ್ಲ. ಮೂರನೆಯ ಪುಟಕ್ಕೇ ಕೆಳಗಿಟ್ಟಿರೇನೋ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ನೀವು ಹೇಳಿದಂತೆಯೇ ಮಾಡಿದೆ.

ಕೇಳುವವರು ಸಿಕ್ಕಿದ್ದಾರೆ. ಪಾಪಮ್ಮ ಅಂತ, ನಾನು ಬಾಡಿಗೆಗಿರುವ ಮನೆಯ ಓನರ್. ನಾನು ಮೇಲೆ, ಅವರು ಮತ್ತು ಅವರ ಯಜಮಾನರು ಚಿಕ್ಕಣ್ಣ ಕೆಳಗೆ. ಇಲ್ಲಿ ಬಡಾವಣೆ ಆಗುವ ಮುಂಚೆ ಈ ಜಾಗದಲ್ಲೆಲ್ಲ ಅವರ ರಾಗಿ ಹೊಲವಿತ್ತಂತೆ. ಬಸ್ ಸ್ಟಾಪಿನಲ್ಲಿ ನಿಂತವರನ್ನು ಇವತ್ತಿಗೂ ತಮ್ಮ ಹೊಲ ತುಳಿಯುತ್ತಿರುವವರ ಹಾಗೆ ನೋಡುತ್ತಾರೆ. ಮೆಟ್ಟಿಲ ಕೆಳಗೆ ಒಂದು ಕಲ್ಲು ಬೆಂಚಿದೆ. ಸಂಜೆ ಅಲ್ಲಿ ಅವರು ಕೂರುತ್ತಾರೆ, ಎರಡನೇ ಮೆಟ್ಟಿಲ ಮೇಲೆ ನಾನು. ಒಳಗೆ ಚಿಕ್ಕಣ್ಣನವರ ಟಿವಿ.

ಮೊದಲ ಅಧ್ಯಾಯಕ್ಕೇ ನನ್ನನ್ನು ತಡೆದರು. “ಅಲ್ಲ ಕಣ್ ನೀಲಮ್ಮ, ಅಷ್ಟೊಂದ್ ಜನ ಉಣ್ತಾ ಅವ್ರೆ. ಒಬ್ರಾದ್ರೂ ಉಪ್ಪು ಕೇಳ್ಬಾರ್ದಾ?” ಅಂದರು. ಮೂರನೆಯದರಲ್ಲಿ ಹಿರಿಯ ಮಾವನವರು ಆಸ್ತಿಯ ವಿಷಯ ಎತ್ತಿದಾಗ ಪಾಪಮ್ಮ ಗಿಡಕ್ಕೆ ನೀರು ಹಾಕಲು ಎದ್ದರು. ನಾಲ್ಕಕ್ಕೂ ಎದ್ದರು. ಗಿಡ ಇರುವುದು ಎರಡೇ, ಆ ದಿನ ಅವಕ್ಕೆ ನೀರೋ ನೀರು.

ಎರಡು ಅಧ್ಯಾಯ ಹರಿದು ಹಾಕಿದ್ದೇನೆ. ಮನಸ್ಸು ಹಗುರವಾಗಿದೆ.

ನೀಲಗಂಗಮ್ಮ


ಹಾವೇರಿ
9 ಮೇ 2024

ನೀಲಗಂಗಮ್ಮನವರಿಗೆ ಶರಣಾರ್ಥಿ.

ಉಪ್ಪಿನ ಮಾತು ಓದಿ ನಕ್ಕೆ. ಬಹಳ ದಿನವಾಗಿತ್ತು. ಆ ಮೂರು, ನಾಲ್ಕು ಹೋದದ್ದು ಒಳ್ಳೆಯದೇ ಆಯಿತು. ಪಾಪಮ್ಮನವರನ್ನು ಬಿಡಬೇಡಿ. ನಮ್ಮ ಪತ್ರಿಕೆಯಲ್ಲಿ ಅಂಥವರೊಬ್ಬರು ಇದ್ದಿದ್ದರೆ ನನ್ನ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು.

ಕೇಳುವಾಗ ಅವರ ಕೈ ಏನು ಮಾಡುತ್ತಿರುತ್ತದೆ ಎಂದು ಗಮನಿಸಿ. ಕೈ ನಿಂತರೆ ನೀವು ಗೆದ್ದಿರಿ. ಎಲ್ಲಿ ನಿಂತಿತು ಎಂದು ನನಗೂ ಬರೆಯಿರಿ. ದೊಡ್ಡ ಕಾಗದವಾದರೂ ಅಡ್ಡಿಯಿಲ್ಲ. ನನಗೆ ಇಲ್ಲಿ ಬೇರೆ ಕೆಲಸವೇನೂ ಇಲ್ಲ, ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತೇನೆ.

ತಂಗಿ ಬಸವ್ವ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಊಟಕ್ಕೆ ಕರೆದು ಎಷ್ಟು ಹೊತ್ತಾಯಿತೋ. ನಿಲ್ಲಿಸುತ್ತೇನೆ.

ಬಸವಲಿಂಗಪ್ಪ


ಗೋವಿಂದರಾಜನಗರ
16 ಜೂನ್ 2024

ಬಸವಲಿಂಗಪ್ಪ ಸರ್‌ಗೆ ಶರಣು.

ತಿದ್ದಿದ ಪ್ರತಿಯ ಜೆರಾಕ್ಸ್ ಕಳಿಸುತ್ತಿದ್ದೇನೆ. ವಿಜಯನಗರದ ಅಂಚೆ ಕಚೇರಿಯ ಹುಡುಗಿ ನನ್ನ ಕಟ್ಟು ನೋಡಿ, “ಆಂಟಿ, ಮತ್ತೆ ಹಾವೇರಿನಾ?” ಎಂದಳು. ಹೂಂ ಎಂದೆ. ಯಾರೋ ನೆಂಟರು ಎಂದುಕೊಂಡಿರಬೇಕು, ಇರಲಿ ಅಂತ ಸುಮ್ಮನಾದೆ.

ಪಾಪಮ್ಮನವರ ಕೈ ನಿಂತದ್ದು ಏಳನೆಯ ಅಧ್ಯಾಯದಲ್ಲಿ. ಎಲ್ಲರೂ ಉಂಡೆದ್ದ ಮೇಲೆ ಚಿಕ್ಕ ಸೊಸೆ ಹಿತ್ತಲಲ್ಲಿ ಕೂತು ತನಗೆ ತಾನೇ ಬಡಿಸಿಕೊಳ್ಳುತ್ತಾಳಲ್ಲ, ಅಲ್ಲಿ. ಮಡಿಲಲ್ಲಿ ಮೊರ, ಮೊರದ ತುಂಬ ಅವರೆಕಾಯಿ. ಸುಲಿಯುತ್ತಿದ್ದ ಬೆರಳು ಹಾಗೇ ನಿಂತುಬಿಟ್ಟಿತು. ಉಗುರಿನ ಸಂದಿಯೆಲ್ಲ ಹಸಿರು. ಸೊಗಡಿನ ವಾಸನೆ ಮೆಟ್ಟಿಲ ತನಕ ಬರುತ್ತಿತ್ತು. ಮೂಗು ಒರೆಸಿಕೊಂಡು ಮತ್ತೆ ಸುಲಿಯತೊಡಗಿದರು.

ಸರ್, ಒಂದು ಕೇಳಿಕೊಳ್ಳುತ್ತೇನೆ. ನಾನೇ ಹಾವೇರಿಗೆ ಬಂದು ನಿಮ್ಮೆದುರು ಓದಲೇ? ಬೆಳಗಿನ ರೈಲು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರುತ್ತೇನೆ. ನೀವು ನಿಮ್ಮ ಕಚೇರಿಯಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿ. ಎದ್ದು ಹೋಗಬೇಕು ಅನಿಸಿದರೆ ಹೋಗಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನೀಲಗಂಗಮ್ಮ


ಹಾವೇರಿ
25 ಜೂನ್ 2024

ನೀಲಗಂಗಮ್ಮನವರಿಗೆ ಶರಣಾರ್ಥಿ.

ಬರುವುದು ಬೇಡ. ಮನೆ ರಿಪೇರಿ ನಡೆದಿದೆ, ಕೂರಲು ಜಾಗವಿಲ್ಲ.

ಪ್ರತಿ ಓದಿದೆ. ಇನ್ನೂ ತಿದ್ದಬೇಕು. ಎಲ್ಲೆಲ್ಲಿ ಎಂದು ನನ್ನಿಂದ ಹೇಳಲಾಗದು.

ಒಂದು ಮಾತು. ನಾನೂ ರಾಜಾಜಿನಗರದಲ್ಲಿ ಬಹಳ ವರ್ಷ ಇದ್ದವನು. ಜೂನ್‌ನಲ್ಲಿ ನಿಮಗೆ ಸೊಗಡವರೆ ಎಲ್ಲಿ ಸಿಕ್ಕಿತು?

ಬಸವಲಿಂಗಪ್ಪ


ಗೋವಿಂದರಾಜನಗರ
14 ಜುಲೈ 2024

ಬಸವಲಿಂಗಪ್ಪನವರಿಗೆ,

ಬೇಡ ಎಂದರೆ ಬೇಡ. ಅದಕ್ಕೆ ಮನೆಯನ್ನೇಕೆ ರಿಪೇರಿ ಮಾಡಿಸುತ್ತೀರಿ. ಎಕ್ಸ್‌ಚೇಂಜಿನಲ್ಲಿ ಕೂತು ಎಷ್ಟು ಜನರ ನೆಪ ಕೇಳಿದ್ದೇನೆ ಎಂದು ನಿಮಗೆ ಗೊತ್ತಿಲ್ಲ.

ನಂಬರ್ ಕೇಳಿದೆ, ಕೊಡಲಿಲ್ಲ. ಬರುತ್ತೇನೆ ಎಂದೆ, ಬೇಡವೆಂದಿರಿ. ತಿದ್ದಬೇಕು ಎನ್ನುತ್ತೀರಿ, ಎಲ್ಲಿ ಎಂದರೆ ಹೇಳಲಾಗದು. ಇನ್ನೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಕೇಳುವಷ್ಟು ಯೋಗ್ಯತೆ ನನ್ನ ಬರಹಕ್ಕಿಲ್ಲ ಎಂದು ನೇರವಾಗಿ ಬರೆದಿದ್ದರೆ ಸಾಕಿತ್ತು. ನನಗೆ ಬೇಸರವಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಪುಸ್ತಕವನ್ನು ಇದ್ದ ಹಾಗೆಯೇ ಅರುಣ್ ಕುಮಾರ್‌ಗೆ ಕೊಡುತ್ತಿದ್ದೇನೆ. ಅವರೆಕಾಯಿ ಈಗ ವರ್ಷವೆಲ್ಲ ಸಿಗುತ್ತದೆ.

ನೀಲಗಂಗಮ್ಮ


ಹಾವೇರಿ
20 ಸೆಪ್ಟೆಂಬರ್ 2024

ನೀಲಗಂಗಮ್ಮನವರಿಗೆ ಶರಣು ಶರಣಾರ್ಥಿ.

ಆಗಸ್ಟಿನಲ್ಲಿ ಎರಡು ಕಾರ್ಡು ಹಾಕಿದೆ. ನಿಮ್ಮಿಂದ ಉತ್ತರವಿಲ್ಲ. ಅಂಚೆಯವನು ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ.

ಮೊನ್ನೆ ಅರುಣ್ ಕುಮಾರ್ ಕಾಗದ ಬರೆದಿದ್ದಾರೆ. ನಾನು ಬೇಡ ಎಂದಿಲ್ಲ ಎಂದು ನೀವು ಅವರಿಗೆ ಹೇಳಿದಿರಂತೆ. ಅದು ನಿಜವೇ. ಆದರೆ ಹೂಂ ಎಂದೆನೇ ಎಂದು ಅವರು ಕೇಳುತ್ತಿದ್ದಾರೆ, ನಾನು ಉತ್ತರಿಸಿಲ್ಲ. ಮೊದಲು ನಿಮಗೆ ಬರೆಯಬೇಕಾಗಿದೆ.

ನನಗೆ ಕಿವಿ ಕೇಳುವುದಿಲ್ಲ. ಹೆಂಡತಿ ತೀರಿಕೊಂಡ ವರ್ಷ ಒಂದು ಕಿವಿ ಹೋಯಿತು, ಮರುವರ್ಷ ಇನ್ನೊಂದು. ಯಂತ್ರ ಹಾಕಿಸಿಕೊಂಡೆ. ಅದರಲ್ಲಿ ಪಾತ್ರೆ ಬಿದ್ದದ್ದು ಕೇಳುತ್ತದೆ, ಮನುಷ್ಯರ ಮಾತು ಕೇಳುವುದಿಲ್ಲ. ಬಸವ್ವ ಹೇಳಬೇಕಾದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಾಳೆ. ಅವಳಿಗೂ ಸಾಕಾಗಿದೆ, ಉಪ್ಪಿಟ್ಟು, ಅವಲಕ್ಕಿ, ಸ್ನಾನ, ಇಷ್ಟೇ ಬರೆಯುತ್ತಾಳೆ. ಹೀಗಿರುವಾಗ ಯಾವ ನಂಬರ್ ಕೊಡಲಿ? ನೀವು ಅಷ್ಟು ದೂರದಿಂದ ಬಂದು ಗಟ್ಟಿಯಾಗಿ ಓದುತ್ತಿದ್ದರೆ ನಾನು ನಿಮ್ಮ ಬಾಯಿ ನೋಡುತ್ತ ಕೂರಬೇಕಾಗಿತ್ತು. ನಾಚಿಕೆಯಾಯಿತು.

ಜೀವನವಿಡೀ ಕೇಳಿ ತೀರ್ಮಾನ ಮಾಡಿದವನು ನಾನು. ಕಣ್ಣಲ್ಲಿ ಓದಿ ಇದು ಸರಿ, ಇದು ತಪ್ಪು ಎನ್ನಲು ಧೈರ್ಯ ಸಾಲುವುದಿಲ್ಲ. ಅದಕ್ಕೇ ನಿಮ್ಮ ಹಾಳೆಯ ಮೇಲೆ ಪೆನ್ಸಿಲ್ ಇಡಲಿಲ್ಲ. ಇಡಲು ಹೋಗಿ ಎಷ್ಟು ಸಲ ಕೈ ಹಿಂದೆ ತೆಗೆದೆ ಎಂದು ನನಗೆ ಗೊತ್ತು. ನಿಮ್ಮನ್ನು ಹಗುರವಾಗಿ ಕಂಡು ಅಲ್ಲ.

ಈಗ ನಿಮ್ಮ ವಿಷಯ. ಉತ್ತರ ಬಾರದ ಈ ದಿನಗಳಲ್ಲಿ ನಿಮ್ಮ ಹಳೆಯ ಕಾಗದಗಳನ್ನು ಮತ್ತೆ ಮತ್ತೆ ಓದಿದೆ. ಪಕ್ಕದಲ್ಲಿ ಕಾದಂಬರಿಯನ್ನೂ ಇಟ್ಟುಕೊಂಡು ಓದಿದೆ. ಕಾದಂಬರಿಯಲ್ಲಿ ಮೊದಲ ಅಧ್ಯಾಯ ಬಿಟ್ಟರೆ, ಆ ಚಿಕ್ಕ ಸೊಸೆ ಒಬ್ಬಳೇ ಉಣ್ಣುವ ಅರ್ಧ ಪುಟ ಬಿಟ್ಟರೆ, ಉಳಿದವರೆಲ್ಲ ಫೋಟೋಗೆ ಕೂತವರ ಹಾಗೆ ಕೂತಿದ್ದಾರೆ. ಕಾಗದದಲ್ಲಿ ಪಾಪಮ್ಮ ಬದುಕಿದ್ದಾರೆ. ಅವರ ಉಗುರಿನ ಹಸಿರು ಸಹ ನನಗೆ ಕಾಣುತ್ತದೆ. ಯಾವಾಗ ತಿದ್ದಬೇಕು ಎಂದು ಕೇಳಿದ್ದಿರಿ. ಕಾದಂಬರಿಯ ಬಗ್ಗೆ ಬರೆದ ಕಾಗದ ಕಾದಂಬರಿಗಿಂತ ಚೆನ್ನಾಗಿದ್ದರೆ ತಿದ್ದಬೇಕು. ಇದಕ್ಕೆ ಕಿವಿ ಬೇಕಾಗಲಿಲ್ಲ.

ಆದರೆ ಒಂದು ಅನುಮಾನ ಬಂದಿದೆ, ತಪ್ಪಾಗಿದ್ದರೆ ಕ್ಷಮಿಸಿ. ನಿಮ್ಮ ಪಾಪಮ್ಮ ಎದ್ದು ಹೋಗುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಗಿಡಕ್ಕೆ ನೀರು ಹಾಕುತ್ತಾರೆ. ಒಂದು ದಿನವೂ “ಮುಂದೇನಾಯ್ತು?” ಎಂದು ಕೇಳುವುದಿಲ್ಲ. ಕಥೆ ಕೇಳುವವರು, ಅದರಲ್ಲೂ ಇಷ್ಟು ಮಾತಿನವರು, ಅದನ್ನು ಕೇಳದೆ ಇರುವುದನ್ನು ನಾನು ಕಂಡಿಲ್ಲ. ಮುಂದೇನು ಎಂದು ಮೊದಲೇ ಗೊತ್ತಿರುವವರು ಮಾತ್ರ ಕೇಳುವುದಿಲ್ಲ. ಅವರೆಕಾಯಿಯೂ ಚಳಿಗಾಲದ್ದು.

ನೀಲಗಂಗಮ್ಮನವರೇ, ಪಾಪಮ್ಮ ಇದ್ದಾರೆಯೇ?

ಬಸವಲಿಂಗಪ್ಪ


ಗೋವಿಂದರಾಜನಗರ
17 ನವೆಂಬರ್ 2024

ಸರ್‌ಗೆ ಶರಣು ಶರಣಾರ್ಥಿ.

ಉತ್ತರಿಸಲು ಇಷ್ಟು ದಿನ ಹಿಡಿಯಿತು. ಬರೆದು ಬರೆದು ಹರಿದೆ. ನಿಮ್ಮ ಕಿವಿಯ ವಿಷಯ ಓದಿ, ಜುಲೈಯಲ್ಲಿ ನಾನು ಬರೆದದ್ದನ್ನು ನೆನೆದು, ಊಟ ಸೇರಲಿಲ್ಲ. ಮಾತಿನಲ್ಲೇ ಬದುಕು ಸಾಗಿಸಿದವಳು ಕಾಗದದಲ್ಲಿ ಇಷ್ಟು ದಡ್ಡಿ ಎಂದು ಮೊದಲೇ ಹೇಳಿದ್ದೆನಲ್ಲ.

ಪಾಪಮ್ಮ ಇಲ್ಲ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡರು.

ಅವರಿಗೆ ನಾನು ಓದಿ ಹೇಳಿದ್ದು ಒಂದೇ ಸಂಜೆ, ಒಂದೇ ಅಧ್ಯಾಯ, ಮೊದಲನೆಯದು. ಅದೂ ಪೂರ್ತಿಯಲ್ಲ. ಮಡಿಲಲ್ಲಿ ಅವರೆಕಾಯಿಯ ಮೊರ ಇತ್ತು. ಉಪ್ಪಿನ ಮಾತು ಅವರದೇ, ಸತ್ಯವಾಗಿಯೂ ಅವರದೇ. ಅದಾಗಿ ಸ್ವಲ್ಪ ಹೊತ್ತಿಗೆ ಮೊರವನ್ನು ಬೆಂಚಿನ ಮೇಲಿಟ್ಟು, “ತಡಿ, ಹಾಲಿಟ್ಟಿದ್ದೆ, ಈಗ್ ಬಂದೆ,” ಎಂದು ಎದ್ದರು. ಒಳಗೆ ಯಾರೋ ನೆಂಟರು ಬಂದರು, ಮಾತು ಬೆಳೆಯಿತು. ನಾನು ಹಾಳೆ ಮಡಿಸಿಕೊಂಡು ಮೇಲೆ ಹತ್ತಿದೆ. ನಾಳೆ ಓದಿದರಾಯಿತು ಎಂದುಕೊಂಡೆ. ಮರುದಿನ ಅವರಿಗೆ ಜ್ವರ, ಆಮೇಲೆ ಆಸ್ಪತ್ರೆ. ಅಲ್ಲಿಂದ ಅವರು ಬರಲಿಲ್ಲ.

ಆಮೇಲೆ ನಾನು ಸಂಜೆ ಅದೇ ಮೆಟ್ಟಿಲ ಮೇಲೆ ಕೂತು ಬೆಂಚಿನ ಕಡೆ ತಿರುಗಿ ಓದುತ್ತಿದ್ದೆ. ದನಿ ತಗ್ಗಿಸಿಯೇ, ಚಿಕ್ಕಣ್ಣನವರಿಗೆ ಕೇಳಿಸಬಾರದು ಅಂತ. ಅವರು ಎಲ್ಲಿ ಎದ್ದು ಹೋಗುತ್ತಿದ್ದರು, ಎಲ್ಲಿ ಏನನ್ನುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತು. ನೀವು ಯಾರಿಗಾದರೂ ಓದಿ ಹೇಳಿ ಎಂದು ಬರೆದಾಗ ನನಗೆ ಬೇರೆ ಯಾರೂ ನೆನಪಾಗಲಿಲ್ಲ. ಇರಲೂ ಇಲ್ಲ. ನಾನು ಮದುವೆಯಾಗಲಿಲ್ಲ, ಅಣ್ಣಂದಿರು ಇದ್ದಾರೆ, ಅವರವರ ಪಾಡು ಅವರಿಗೆ. ಹನ್ನೊಂದು ತಟ್ಟೆ ನಾನು ಬರೆದದ್ದು ಅಷ್ಟೇ, ಹಾಕಿದ್ದಿಲ್ಲ. ನನ್ನದು ಒಂದೇ ತಟ್ಟೆ, ಉಂಡ ಕೂಡಲೇ ತೊಳೆದಿಡುತ್ತೇನೆ.

ಅವರೆಕಾಯಿ ಹೇಗೆ ಬಂತು ಎಂದರೆ, ಅವರನ್ನು ನೆನೆದಾಗಲೆಲ್ಲ ಮೊರ ಜೊತೆಗೇ ಬರುತ್ತದೆ. ತಿಂಗಳು ನೋಡಿಕೊಳ್ಳಲಿಲ್ಲ.

ಅರುಣ್ ಕುಮಾರ್ ಹತ್ತಿರ ಹೋಗಿ ಪ್ರತಿ ವಾಪಸ್ಸು ತಂದೆ. “ಕವರ್ ಡಿಸೈನ್ ಕೂಡ ಆಗೋಗಿತ್ತು ಮೇಡಂ,” ಎಂದು ಪೇಚಾಡಿಕೊಂಡರು. ನೀವು ಹೇಳಿದ್ದು ಸರಿ, ಉಳಿದದ್ದನ್ನೆಲ್ಲ ಮತ್ತೆ ಬರೆಯುತ್ತೇನೆ. ಆ ಚಿಕ್ಕ ಸೊಸೆಯಿಂದ ಶುರು ಮಾಡಿದ್ದೇನೆ. ಅವಳು ಹಿತ್ತಲಲ್ಲಿ ಕೂತು ಬೇಲಿಯಾಚೆಯ ಮುದುಕಿಯ ಜೊತೆ ಮಾತಾಡತೊಡಗಿದ್ದಾಳೆ.

ಆದರೆ ಮೊದಲ ಅಧ್ಯಾಯವನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ಕೇಳುವವರು ಎದ್ದು ಹೋದಲ್ಲಿ ತಿದ್ದಬೇಕು ಎಂದು ನೀವೇ ಬರೆದಿದ್ದಿರಿ. ಅವರು ಎದ್ದರಲ್ಲ ಸರ್. ಎದ್ದದ್ದು ಹಾಲಿಗೋ, ನನ್ನ ಬರಹಕ್ಕೆ ಬೇಸತ್ತೋ? ಇದೊಂದು ಗೊತ್ತಾಗದೆ ಅದನ್ನು ತಿದ್ದುತ್ತಲೇ ಇದ್ದೇನೆ. ಇನ್ನು ಯಾರನ್ನು ಕೇಳಲಿ?

ನೀಲಗಂಗಮ್ಮ


ಹಾವೇರಿ
2 ಡಿಸೆಂಬರ್ 2024

ನೀಲಗಂಗಮ್ಮನವರಿಗೆ ಶರಣು ಶರಣಾರ್ಥಿ.

ನಿಮ್ಮ ಕಾಗದವನ್ನು ಬಸವ್ವನಿಗೂ ಓದಲು ಕೊಟ್ಟೆ, ಕೇಳದೆ ಕೊಟ್ಟದ್ದಕ್ಕೆ ಬೈಯಬೇಡಿ. ಓದಿ ಮುಗಿಸಿ ಸ್ಲೇಟು ತಂದಳು. ಬಹಳ ದಿನದ ಮೇಲೆ ಎರಡು ಸಾಲು ಬರೆದಳು. “ಆಕಿನ್ನ ಬಾ ಅನ್ನು. ನನಗರ ಯಾರ್ ಅದಾರ ಮಾತಾಡಾಕ.”

ಬನ್ನಿ. ಮನೆ ರಿಪೇರಿ ಮುಗಿದಿದೆ.

ಈಗ ಅಲ್ಲಿ ಅವರೆಕಾಯಿ ಬಂದಿರಬೇಕು, ಒಂದು ಚೀಲ ತನ್ನಿ. ಜಗುಲಿಯ ಮೇಲೆ ನೀವು ಓದಿ, ಬಸವ್ವ ಸುಲಿಯುತ್ತ ಕೇಳುತ್ತಾಳೆ. ಹೊಗಳುವ ಜಾತಿಯಲ್ಲ, ಎದ್ದು ಹೋಗಲು ಸಂಕೋಚವೂ ಇಲ್ಲ. ನಾನು ಎದುರಿಗೆ ಕೂತು ಅವಳ ಕೈ ನೋಡುತ್ತಿರುತ್ತೇನೆ. ಅಷ್ಟಕ್ಕೆ ಕಣ್ಣು ಸಾಕು. ಪೆನ್ಸಿಲ್ ಕೆತ್ತಿ ಇಟ್ಟಿದ್ದೇನೆ.

ಇನ್ನು ಮೊದಲ ಅಧ್ಯಾಯ. ಅದರ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ. ನನ್ನೆದುರು ಎದ್ದು ಹೋದವರನ್ನು ಅಷ್ಟು ವರ್ಷ ನೋಡಿದ್ದೇನೆ. ಬೇಸತ್ತು ಏಳುವವರು “ಚೆನ್ನಾಗಿದೆ” ಎಂದು ಹೇಳಿ ಏಳುತ್ತಾರೆ. “ಈಗ್ ಬಂದೆ” ಎನ್ನುವುದಿಲ್ಲ, ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಹೋಗುವುದೂ ಇಲ್ಲ. ಪಾಪಮ್ಮ ಮೊರವನ್ನು ಬೆಂಚಿನ ಮೇಲೆ ಇಟ್ಟು ಹೋದರು. ಅವರು ಹಾಲಿಗೇ ಎದ್ದದ್ದು.

ಪಂಕ್ತಿಯಲ್ಲಿ ಯಾರಾದರೊಬ್ಬರು ಉಪ್ಪು ಕೇಳಲಿ. ಬೇರೇನನ್ನೂ ಮುಟ್ಟಬೇಡಿ.

ಬಸವಲಿಂಗಪ್ಪ